ಬೆಟ್ಟದ ಮಣ್ಣನ್ನು ಚಿತ್ರ ಬರೆದು ತಿಳಿಯಿರಿ

ಅಡಿಕೆ ತೋಟವುಳ್ಳ ಮಲೆನಾಡಿನ ರೈತರಿಗೆ ಸೊಪ್ಪಿನ ಬೆಟ್ಟದ ಉಪಯೋಗವನ್ನು ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ದರಕು ಗುಡಿಸಿ ತರುವುದು, ಮಳೆಗಾಲದಲ್ಲಿ ಹಸಿ ಸೊಪ್ಪು ಕಡಿದು ತರುವುದು, ಎರಡೂ ಕೊಟ್ಟಿಗೆಯ ಮೂಲಕ ಗೊಬ್ಬರವಾಗಿ ತೋಟ ಸೇರುವುದು ತಲೆತಲಾಂತರದ ರೂಢಿ. ಆದರೆ ಬೆಟ್ಟದಲ್ಲಿ ಉಳಿಯುವುದೇನು? ಇದನ್ನು ತಿಳಿಯಲು ಪ್ರಯೋಗಶಾಲೆ ಬೇಡ. ಹಾರೆ, ಹಾಳೆ, ಪೆನ್ಸಿಲ್ ಸಾಕು.

ಅಕ್ಟೋಬರ್ ತಿಂಗಳಲ್ಲಿ, ಮಣ್ಣು ಇನ್ನೂ ಹಸಿಯಾಗಿರುವಾಗ, ನಿಮ್ಮ ಬೆಟ್ಟದ ಎರಡು ಕಡೆ ಒಂದೂವರೆ ಅಡಿ ಆಳದ ಗುಂಡಿ ತೆಗೆಯಿರಿ. ಒಂದು ಪ್ರತಿ ವರ್ಷ ಗುಡಿಸುವ ಜಾಗದಲ್ಲಿರಲಿ, ಇನ್ನೊಂದು ಪೊರಕೆ ತಾಗದ ಮೂಲೆಯಲ್ಲಿರಲಿ. ಮಣ್ಣು ಪರೀಕ್ಷೆಗೆ ಮಾದರಿ ತೆಗೆಯುವಾಗ ಮೇಲಿನ ಕಸಕಡ್ಡಿ ಸರಿಸಬೇಕೆಂದು ನಾವೇ ಹೇಳುತ್ತೇವೆ. ಹೊಲಕ್ಕೆ ಅದು ಸರಿ. ಬೆಟ್ಟದಲ್ಲಿ ಹಾಗೆ ಮಾಡಿದರೆ ನೋಡಬೇಕಾದುದನ್ನೇ ಎಸೆದಂತಾಗುತ್ತದೆ. ನಾನೂ ಹಲವು ವರ್ಷ ಎಸೆದವನೇ.

ಗುಂಡಿಯ ಒಂದು ಪಕ್ಕವನ್ನು ಕತ್ತಿಯಿಂದ ನೆಟ್ಟಗೆ ಕೆತ್ತಿ, ಕಂಡದ್ದನ್ನು ಅರ್ಧ ಅಳತೆಯಲ್ಲಿ ಬರೆಯಿರಿ. ಗುಡಿಸದ ಕಡೆ ಮೊದಲು ಇಡೀ ಎಲೆಗಳು. ಅದರ ಕೆಳಗೆ ಅರ್ಧ ಕೊಳೆತು ಜಾಲರಿಯಂತಾದ ಎಲೆಗಳು, ಅವುಗಳ ನಡುವೆ ಹತ್ತಿಯ ಎಳೆಯಂಥ ಬಿಳಿ ದಾರಗಳು. ಇವೇ ಶಿಲೀಂಧ್ರದ ಎಳೆಗಳು. ಎಲೆಯ ಗಟ್ಟಿ ಅಂಶವಾದ ಲಿಗ್ನಿನ್ನನ್ನು ಕರಗಿಸುವ ಕೆಲಸ ಮುಖ್ಯವಾಗಿ ಇವುಗಳದೇ. ಅದರ ಕೆಳಗೆ ಪುಡಿಪುಡಿಯಾದ ಕರಿಮಣ್ಣು. ಮೂಸಿ ನೋಡಿ, ಮೊದಲ ಮಳೆಯ ವಾಸನೆ ಬರುತ್ತದೆ. ಅದು ಆಕ್ಟಿನೊಮೈಸೀಟ್ಸ್ ಎಂಬ ಸೂಕ್ಷ್ಮಜೀವಿಗಳು ಉಂಟುಮಾಡುವ ಜಿಯೊಸ್ಮಿನ್ನಿನ ವಾಸನೆ. ಸತತವಾಗಿ ಗುಡಿಸಿದ ಕಡೆಯಾದರೋ, ಅನೇಕ ಬೆಟ್ಟಗಳಲ್ಲಿ ಪೆನ್ಸಿಲ್ಲಿಗೆ ಕೆಲಸವೇ ಇಲ್ಲ. ಮೇಲಿನಿಂದಲೇ ಗಟ್ಟಿ ಕೆಂಪು ಮಣ್ಣು, ಜಂಬಿಟ್ಟಿಗೆಯ ಹರಳು.

ಚಿತ್ರ ಬರೆಯುವುದು ಮಕ್ಕಳಾಟವೆಂದು ತಿಳಿಯಬೇಡಿ. ಬರೆಯುವ ಕೈ ಕಣ್ಣನ್ನು ನಿಲ್ಲಿಸಿ ನೋಡಿಸುತ್ತದೆ. ಇಂಗ್ಲೆಂಡಿನ ಬಿಯಾಟ್ರಿಕ್ಸ್ ಪಾಟರ್ ಮಕ್ಕಳ ಕತೆಗಳಿಂದ ಪ್ರಸಿದ್ಧರಾಗುವ ಮೊದಲು ಕಾಡಿನ ಅಣಬೆಗಳನ್ನು ನೋಡಿ ನೋಡಿ ಬಣ್ಣದಲ್ಲಿ ಬರೆದರು. ಅಣಬೆಯ ಬೀಜಾಣು ಮೊಳೆಯುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡು ಚಿತ್ರಿಸಿದರು. 1897ರಲ್ಲಿ ಅವರ ಪ್ರಬಂಧ ಲಂಡನ್ನಿನ ಲಿನಿಯನ್ ಸೊಸೈಟಿಯ ಮುಂದೆ ಬಂದಾಗ, ಸ್ತ್ರೀಯರಿಗೆ ಅಲ್ಲಿ ಪ್ರವೇಶವಿಲ್ಲದ್ದರಿಂದ ಅದನ್ನು ಬೇರೆಯವರು ಮಂಡಿಸಿದರು. ಅವರ ಚಿತ್ರಗಳು 1967ರಲ್ಲಿ ಅಣಬೆಗಳನ್ನು ಗುರುತಿಸುವ ಪುಸ್ತಕವೊಂದರಲ್ಲಿ ಅಚ್ಚಾದವು.

ಕಣ್ಣಿಗೆ ಸುಲಭವಾಗಿ ಕಾಣದ ಪ್ರಾಣಿಗಳನ್ನು ನೋಡಲು ಇಟಲಿಯ ಬರ್ಲೆಸೆ 1905ರಲ್ಲಿ ಒಂದು ಉಪಾಯ ಕಂಡುಹಿಡಿದರು. ಲಾಳಿಕೆಯೊಳಗೆ ಜಾಲರಿ ಇಟ್ಟು, ಅದರ ಮೇಲೆ ಒಂದು ಹಿಡಿ ತರಗೆಲೆ ಹಾಕಿ, ಕಾವು ಕೊಡುವುದು. ನೀವು ಎಲೆಗೆ ತಾಗದಂತೆ ಹಳೆಯ ಬಗೆಯ 40 ವ್ಯಾಟಿನ ಬಲ್ಬು ತೂಗುಹಾಕಿ (ಎಲ್.ಇ.ಡಿ. ದೀಪದ ಕಾವು ಸಾಲದು). ಕಾವಿಗೂ ಬೆಳಕಿಗೂ ಅಂಜಿ ಜೀವಿಗಳು ಕೆಳಗಿಟ್ಟ ನೀರಿನ ಬಟ್ಟಲಿಗೆ ಬೀಳುತ್ತವೆ. ಎರಡು ದಿನದ ನಂತರ ಮಸೂರದಲ್ಲಿ ನೋಡಿದರೆ ನುಸಿಗಳು, ಬಾಲದಿಂದ ಚಿಮ್ಮುವ ರೆಕ್ಕೆಯಿಲ್ಲದ ಕೊಲೆಂಬೊಲಗಳು, ಎಳೆಯ ಚೋರಟೆಗಳು ಕಾಣಬಹುದು. ಎಲೆಯನ್ನು ತುಂಡರಿಸಿ ಶಿಲೀಂಧ್ರಕ್ಕೆ ದಾರಿಮಾಡಿಕೊಡುವವರು ಇವರೇ. ಇವನ್ನೂ ಬರೆಯಿರಿ, ಕಾಲುಗಳನ್ನು ಎಣಿಸಿ ಬರೆಯಿರಿ.

ಇದರಿಂದ ಬೆಟ್ಟಕ್ಕೇನು ಲಾಭ? ನಮ್ಮ ಕೆಂಪು ಮಣ್ಣಿನಲ್ಲಿ ರಂಜಕವು ಕಬ್ಬಿಣ ಮತ್ತು ಅಲ್ಯುಮಿನಿಯಮ್ಮಿಗೆ ಅಂಟಿಕೊಂಡಿರುತ್ತದೆ. ಬೇರಿನೊಡನೆ ಕೂಡಿ ಬಾಳುವ ಮೈಕೊರೈಜ ಶಿಲೀಂಧ್ರಗಳು ಬೇರು ತಲುಪದ ಕಡೆಯಿಂದ ಅದನ್ನು ಹೀರಿ ಮರಕ್ಕೆ ಒದಗಿಸುತ್ತವೆ. ಹೊದಿಕೆ ಹೋದ ನೆಲ ಒಣಗಿ, ಮಳೆಯ ಹೊಡೆತಕ್ಕೆ ಮೇಲ್ಮಣ್ಣು ಕೊಚ್ಚಿಹೋದರೆ ಈ ಸಂಬಂಧವೂ ಸಡಿಲವಾಗುತ್ತದೆ. ಮರ ಸೊರಗಿದ ಮೇಲೆ ಸೊಪ್ಪೆಲ್ಲಿಯದು?

ಆದುದರಿಂದ ದರಕು ತರಬೇಡಿ ಎಂದು ನಾನು ಹೇಳುವುದಿಲ್ಲ, ತೋಟ ನಡೆಯಬೇಕಲ್ಲ. ಮೇಲಿನ ಒಣ ಎಲೆಯನ್ನು ಮಾತ್ರ ಬಾಚಿ, ಜಾಲರಿಯಾದ ಎಲೆಯನ್ನೂ ಕರಿಮಣ್ಣನ್ನೂ ಮುಟ್ಟದಿರಿ. ಬೆಟ್ಟವನ್ನು ಮೂರು ಪಾಲು ಮಾಡಿ ಪ್ರತಿ ವರ್ಷ ಒಂದು ಪಾಲನ್ನು ಗುಡಿಸದೆ ಬಿಡುವುದು ನನ್ನ ಅಭಿಪ್ರಾಯದಲ್ಲಿ ಒಳ್ಳೆಯದು. ಚಿತ್ರದ ಮೇಲೆ ಜಾಗ, ತಿಂಗಳು, ವರ್ಷ ಬರೆದಿಟ್ಟುಕೊಂಡು, ಮೂರು ವರ್ಷ ಕಳೆದ ಮೇಲೆ ಅದೇ ತಿಂಗಳಲ್ಲಿ ಅದರ ಪಕ್ಕದಲ್ಲೇ ಮತ್ತೆ ಅಗೆದು ಬರೆಯಿರಿ. ಗುಂಡಿ ಮುಚ್ಚುವಾಗ ಕೆಂಪು ಮಣ್ಣು ಕೆಳಗೆ, ಕರಿಮಣ್ಣು ಮೇಲೆ ಬರುವಂತೆ ತುಂಬಿ, ತೆಗೆದಿಟ್ಟ ಎಲೆಯನ್ನು ಹೊದಿಸಬೇಕು.