ಕಾರ್ಮಿಲ್ಲಾ: ಭಯದ ಮರೆಯಲ್ಲೊಂದು ಒಲವು

ರಕ್ತಪಿಶಾಚಿಯ ಕಥೆಯೆಂದರೆ ಡ್ರಾಕುಲಾ ಎಂದೇ ಹೆಚ್ಚಿನ ವಾಚಕರ ಎಣಿಕೆ. ಬ್ರಾಮ್ ಸ್ಟೋಕರನ ಆ ಕಾದಂಬರಿ ಬಂದುದು 1897ರಲ್ಲಿ. ಅದಕ್ಕೆ ಇಪ್ಪತ್ತೈದು ವರ್ಷ ಮೊದಲೇ, 1872ರಲ್ಲಿ, ಅದೇ ಡಬ್ಲಿನ್ ನಗರದ ಶೆರಿಡನ್ ಲೆ ಫಾನು ಎಂಬ ಲೇಖಕನ 'ಕಾರ್ಮಿಲ್ಲಾ' ಎಂಬ ಕಿರುಕಾದಂಬರಿ ಅವನ ಕಥಾಸಂಗ್ರಹದಲ್ಲಿ ಅಚ್ಚಾಗಿತ್ತು. ಇಲ್ಲಿ ಪಿಶಾಚಿ ಹೆಣ್ಣು. ಅವಳು ಒಲಿಯುವುದೂ ಹೆಣ್ಣಿಗೇ. ಇದನ್ನು ಓದಿದಾಗ ನಮ್ಮ ಮನಸ್ಸಿಗೆ ಬಂದುದನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

ಕಥೆ ಹೇಳುವವಳು ಹತ್ತೊಂಬತ್ತರ ಹರೆಯದಲ್ಲಿ ಇದನ್ನೆಲ್ಲ ಅನುಭವಿಸಿದ ಲಾರಾ. ಆಸ್ಟ್ರಿಯಾ ದೇಶದ ಸ್ಟೀರಿಯಾ ಪ್ರಾಂತದ ಕಾಡಿನ ನಡುವೆ ಅವಳ ಕೋಟೆಮನೆ. ಜನವಸತಿಯಿರುವ ಹತ್ತಿರದ ಹಳ್ಳಿಗೇ ಏಳು ಮೈಲು. ತಾಯಿ ಆ ನಾಡಿನವಳು, ಮಗಳಿಗೆ ನೆನಪೇ ಇಲ್ಲದಷ್ಟು ಬೇಗ ತೀರಿಕೊಂಡವಳು. ತಂದೆ ಆಸ್ಟ್ರಿಯಾದ ಸೇವೆಯಿಂದ ನಿವೃತ್ತನಾದ ಇಂಗ್ಲಿಷಿನವ. ಪರಭಾಷೆಯ ಸೀಮೆಯಲ್ಲಿ ತಮ್ಮ ನುಡಿ ಅಳಿದುಹೋಗಬಾರದೆಂದು ತಂದೆ ಮಗಳು ದಿನವೂ ಇಂಗ್ಲಿಷನ್ನೇ ಆಡುತ್ತಾರೆ. ಲಾರಾಳನ್ನು ನೋಡಿಕೊಳ್ಳುವ ಹೆಂಗಸರ ಫ್ರೆಂಚ್, ಜರ್ಮನ್ ಸೇರಿದಾಗ ಆಗುವ ಕಲಬೆರಕೆಗೆ ಬಂದವರು ನಗುತ್ತಾರೆ. ಈ ವಿವರ ಗಡಿನಾಡಿನ ನಮಗೆ ಹೊಸತೇನಲ್ಲ.

ಒಂದು ಸಂಜೆ ಮನೆಯೆದುರು ಸಾರೋಟು ಮಗುಚುತ್ತದೆ. ಅವಸರದಲ್ಲಿರುವ ತಾಯಿಯೊಬ್ಬಳು ಮಗಳು ಕಾರ್ಮಿಲ್ಲಾಳನ್ನು ಮೂರು ತಿಂಗಳ ಮಟ್ಟಿಗೆ ಅಲ್ಲೇ ಬಿಟ್ಟು ಹೋಗುತ್ತಾಳೆ. ಗೆಳತಿಗಾಗಿ ಹಂಬಲಿಸಿದ್ದ ಲಾರಾಳಿಗೆ ಈ ಅತಿಥಿಯ ಅಪ್ಪುಗೆ, ಪಿಸುಮಾತುಗಳಿಂದ ಸೆಳೆತವೂ ಹೇವರಿಕೆಯೂ ಒಟ್ಟೊಟ್ಟಿಗೇ ಉಂಟಾಗುತ್ತವೆ. ಇವಳು ಹೆಣ್ಣುವೇಷ ತೊಟ್ಟು ಬಂದ ಪ್ರೇಮಿ ಹುಡುಗನೋ ಎಂದೂ ಆಕೆ ಯೋಚಿಸುತ್ತಾಳೆ. ಮೂರು ಭಾಷೆಗಳ ಆ ಮನೆಯಲ್ಲಿ ಹೆಣ್ಣು ಹೆಣ್ಣನ್ನು ಪ್ರೀತಿಸುವುದಕ್ಕೆ ಒಂದು ಮಾತಿಲ್ಲ! ಕೃತಿಯ ನಿಜವಾದ ಕತ್ತಲೆ ಇಲ್ಲಿದೆಯೆಂದು ನಮ್ಮ ಭಾವನೆ.

ಸುತ್ತಲಿನ ಹಳ್ಳಿಯ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಸಾಯುತ್ತಾರೆ. ಲಾರಾ ಸೊರಗುತ್ತಾಳೆ. 1698ರ ಹಳೆಯ ಚಿತ್ರವೊಂದರಲ್ಲಿರುವ ಮಿರ್ಕಲ್ಲಾ ಎಂಬ ಶ್ರೀಮಂತ ಮನೆತನದ ಹೆಣ್ಣೇ ಈ ಕಾರ್ಮಿಲ್ಲಾ ಎಂಬುದು ಕೊನೆಗೆ ಬಯಲಾಗುತ್ತದೆ. ಗಂಡಸರು ಗೋರಿ ತೆರೆದು, ಎದೆಗೆ ಗೂಟ ಹೊಡೆದು, ತಲೆ ಕಡಿದು, ಸುಟ್ಟು, ಬೂದಿಯನ್ನು ಹೊಳೆಗೆ ಚೆಲ್ಲುತ್ತಾರೆ. ಲಾರಾ ಅದನ್ನು ತಿಳಿಯುವುದು ಸರಕಾರಿ ವರದಿಯಿಂದ. ಕೊಲೆಗಾತಿಗೆ ಮರುಕ ತೋರಬೇಕೆಂದು ನಾವು ಹೇಳುವುದಿಲ್ಲ. ಆದರೆ ಲಾರಾಳ ಮನಸ್ಸಿನಲ್ಲೇನಿದೆಯೆಂದು ಯಾರೂ ಕೇಳುವುದಿಲ್ಲ. ವರ್ಷಗಳ ಬಳಿಕವೂ ಬಾಗಿಲ ಬಳಿ ಆ ಹಗುರ ಹೆಜ್ಜೆ ಸಪ್ಪಳ ಕೇಳಿದಂತಾಗಿ ಅವಳು ಬೆಚ್ಚುತ್ತಾಳೆ. ಅದು ಭಯವೋ, ಹಂಬಲವೋ? ಲೇಖಕ ತೀರ್ಪು ಕೊಡದೆ ಬಿಟ್ಟಿರುವುದು ಕೃತಿಯ ಹಿರಿಮೆ. ಒಲವನ್ನೇ ರೋಗದ ಲಕ್ಷಣವಾಗಿ ಮಾಡಿದ್ದು ಅದರ ದೊಡ್ಡ ಕೊರತೆ. ಅಂಥ ಪ್ರೀತಿಗೆ ಕೋರೆಹಲ್ಲು ಅಂಟಿಸಿಯೇ ಹೇಳಬೇಕಾಗಿದ್ದ ಕಾಲವದು.

ನಮ್ಮ ದೇಶದಲ್ಲಿ ಪ್ರಾಯಪ್ರಬುದ್ಧರು ಒಪ್ಪಿ ಕೂಡುವ ಸಲಿಂಗ ಸಂಬಂಧ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು ತೀರ್ಪಿತ್ತಿತು. ಕಾನೂನಿನ ಭಯ ನೀಗಿದರೂ ಮನೆಯೊಳಗಿನ ಮೌನ ತಾನಾಗಿ ನೀಗದು. ನುಡಿ ಉಳಿಯಲೆಂದು ಮನೆಯಲ್ಲಿ ಕನ್ನಡವನ್ನೇ ಆಡುವವರು ನಾವು. ನಮ್ಮ ಮಕ್ಕಳು ಮನಸ್ಸಿನ ಅತಿ ಕಷ್ಟದ ಮಾತನ್ನೂ ಅಂಜದೆ ಆ ಕನ್ನಡದಲ್ಲೇ ನಮ್ಮೊಡನೆ ಹೇಳುವಂತಾಗಬೇಕು.