ದ್ರಾಕ್ಷಿಯ ಮೇಲೆ ಕಾಣದ ಬೆಳಕು

ವಿಜಯಪುರದ ತಿಕೋಟಾ, ಬಬಲೇಶ್ವರ ಕಡೆ ದ್ರಾಕ್ಷಿ ಬೆಳೆಯುವವರಿಗೆ ‘ಸಿಸಿಸಿ’ ಹೊಸ ಹೆಸರೇನಲ್ಲ. ಬಳ್ಳಿಯ ಓಟಕ್ಕೆ ತಡೆ ಹಾಕುವ ಈ ಕ್ಲೋರ್‌ಮೆಕ್ವಾಟ್‌ನ ಉಳಿಕೆ ಸಿಕ್ಕಿತೆಂದು 2010ರಲ್ಲಿ ಯುರೋಪು ಭಾರತದ ದ್ರಾಕ್ಷಿಗೆ ತಕರಾರು ತೆಗೆದಿತ್ತು. ಒಣದ್ರಾಕ್ಷಿಯ ಕಥೆ ಇನ್ನೂ ಸೂಕ್ಷ್ಮ. ಸುಮಾರು ನಾಲ್ಕು ಕಿಲೊ ಹಣ್ಣು ಒಣಗಿ ಒಂದು ಕಿಲೊ ಆಗುತ್ತದೆ. ನೀರು ಹಾರಿಹೋದರೂ ಹಾರದ ರಾಸಾಯನಿಕ ಅಲ್ಲೇ ಗಟ್ಟಿಯಾಗುತ್ತದೆ.

ಉಳಿಕೆಯನ್ನು ಶೆಡ್ಡಿನಲ್ಲೇ ಪತ್ತೆ ಮಾಡಲಾಗದೆ? ಉಳಿಕೆಗೆ ಹೊಳೆಯುವ ಗುರುತು ಅಂಟಿಸಿ ನೇರಳಾತೀತ ಬೆಳಕು ಬಿಡಬಹುದು. ಆದರೆ ಆ ಬೆಳಕಿಗೆ ಹಣ್ಣಿನ ಸಿಪ್ಪೆಯೂ ಮಿನುಗುತ್ತದೆ, ಗುರುತು ಅದರಲ್ಲಿ ಕಳೆದುಹೋಗುತ್ತದೆ.

ಇಲ್ಲಿಯೇ ಗುರುತಾಗಿ ಇಟ್ರಿಯಂ ಫ್ಲೋರೈಡ್ ಮೂಲದ ನ್ಯಾನೊ ಹರಳುಗಳ ಉಪಯೋಗ. ಇವು ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ನುಂಗಿ ಹಸಿರು ಬೆಳಕು ಕೊಡುತ್ತವೆ. ಹರಳಿನೊಳಗಿನ ಇಟರ್ಬಿಯಂ 980 ನ್ಯಾನೊಮೀಟರ್ ಬೆಳಕನ್ನು ಹಿಡಿದು ಎರ್ಬಿಯಂಗೆ ದಾಟಿಸುತ್ತದೆ. ಸಣ್ಣ ಶಕ್ತಿಯ ಎರಡು ಕಂತು ಕೂಡಿ ದೊಡ್ಡದೊಂದು ಹೊರಬರುತ್ತದೆ. ಈ ಕಸರತ್ತು ದ್ರಾಕ್ಷಿಗೆ ಬಾರದು. ಹಾಗಾಗಿ ಹಿನ್ನೆಲೆ ಕತ್ತಲಾಗಿಯೇ ಇರುತ್ತದೆ.

ತೊಡಕು ಎರಡು. ಇಟರ್ಬಿಯಂ ಹಿಡಿಯುವ ಬೆಳಕು ತೀರಾ ಕಡಿಮೆ. 980ರ ಬೆಳಕನ್ನು ನೀರೂ ಹೀರಿ ಬಿಸಿಯಾಗುತ್ತದೆ. ತಾಜಾ ದ್ರಾಕ್ಷಿಯಲ್ಲಿ ನೀರೇ ಶೇ 80ರಷ್ಟು. 2012ರಲ್ಲಿ ನೆದರ್ಲೆಂಡ್ಸಿನ ಗ್ರೋನಿಂಗನ್ ವಿಶ್ವವಿದ್ಯಾಲಯದ ತಂಡ ಹರಳಿನ ಮೈಗೆ ಸಾವಯವ ಬಣ್ಣದ ಅಣುಗಳನ್ನು ಅಂಟಿಸಿತು. 800ರ ಆಸುಪಾಸಿನ ಬೆಳಕನ್ನು ಬಣ್ಣ ಬಾಚಿಕೊಂಡು ಇಟರ್ಬಿಯಂ ಕೈಗೆ ಕೊಡುತ್ತದೆ. ಹೊಳಪು ಒಟ್ಟಾರೆ ಸುಮಾರು 3,300 ಪಟ್ಟು ಏರಿತು. ಹಾಗೆ ನೋಡಿದರೆ ದ್ರಾಕ್ಷಿ ಎಲೆ ಮಾಡುವುದೂ ಇದನ್ನೇ: ನೂರಾರು ಪತ್ರಹರಿತ್ತಿನ ಅಣುಗಳು ಬೆಳಕು ಹಿಡಿದು ಒಂದೇ ಕೇಂದ್ರಕ್ಕೆ ಸಾಗಿಸುತ್ತವೆ.

ಆದರೆ ಎಲೆ ತನ್ನ ಬಣ್ಣವನ್ನು ಮತ್ತೆ ಮತ್ತೆ ತಯಾರಿಸಿಕೊಳ್ಳುತ್ತದೆ. ಹರಳಿಗೆ ಆ ಭಾಗ್ಯವಿಲ್ಲ. ಅಂಟಿಸಿದ ಬಣ್ಣ ಬೆಳಕು, ಆಮ್ಲಜನಕ ತಾಗಿದರೆ ಮಾಸುತ್ತದೆ. ಪ್ರಯೋಗಾಲಯದ ಕತ್ತಲಲ್ಲಿ ಗೆದ್ದದ್ದು ವಿಜಯಪುರದ ಏಪ್ರಿಲ್ ಬಿಸಿಲಲ್ಲಿ ಬಾಳಬೇಕು. ಬಾಳುವ ಬಣ್ಣ ಬರುವವರೆಗೆ ಇದನ್ನು ರೈತರ ಸಾಧನವೆಂದು ಮಾರುವವರನ್ನು ನಾನಂತೂ ನಂಬಲಾರೆ. ಅಲ್ಲಿಯವರೆಗೆ ಸಿಂಪರಣೆಯ ದಿನಾಂಕ ಬರೆದಿಡಿ, ಡಬ್ಬಿಯ ಮೇಲೆ ಹೇಳಿದಷ್ಟು ದಿನ ಕಾದು ಕೊಯ್ಯಿರಿ, ಮಾದರಿಯನ್ನು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೇ ಕಳಿಸಿ.