ಭಾನುವಾರದ ತಲೆನೋವು

ಊರು ಬಿಟ್ಟು ಬಂದ ನಾವು ಮರೆಯದೆ ಜೊತೆಗೆ ತಂದ ಸಾಮಾನುಗಳಲ್ಲಿ ಕಾಫಿ ಫಿಲ್ಟರೂ ಒಂದು. ಲೋಕಲ್ ರೈಲು ಹಿಡಿಯಬೇಕಾದ ಮುಂಬಯಿಯ ನಮ್ಮ ಮನೆಗಳಲ್ಲಿ ಬೆಳಗಿನ ಆರಕ್ಕೆಲ್ಲ ಡಿಕಾಕ್ಷನ್ ಇಳಿದಿರುತ್ತದೆ. ಆಫೀಸಿನಲ್ಲಿ ಮತ್ತೆರಡು ಲೋಟ, ಸಂಜೆ ಇನ್ನೊಂದು. ವಾರವಿಡೀ ದುಡಿದು, ಭಾನುವಾರ ಎಂಟೂವರೆಯವರೆಗೆ ಮಲಗಿ ಎದ್ದರೆ ತಲೆ ಸಿಡಿಯುತ್ತಿರುತ್ತದೆ! ಏಕಾದಶಿಯಂದು ನಿರಾಹಾರವಿರುವ ಹಿರಿಯರ ಪಾಡೂ ಇದೇ. ಪಿತ್ತವೆನ್ನುತ್ತೇವೆ, ಹಸಿವೆನ್ನುತ್ತೇವೆ, ಈ ಊರಿನ ಹವೆಯನ್ನು ದೂರುತ್ತೇವೆ. ಕಾಫಿಯ ಹೆಸರನ್ನು ಮಾತ್ರ ಎತ್ತುವುದಿಲ್ಲ.

ಇದರ ಮರ್ಮವಿರುವುದು ಕಾಫಿಯಲ್ಲಿನ ಕೆಫೀನ್ ಎಂಬ ವಸ್ತುವಿನಲ್ಲಿ. ಜರ್ಮನಿಯ ರುಂಗೆ ಎಂಬ ರಸಾಯನಶಾಸ್ತ್ರಜ್ಞನು ೧೮೧೯ರಲ್ಲಿ ಇದನ್ನು ಬೀಜದಿಂದ ಬೇರ್ಪಡಿಸಿದನು. ನಾವು ಎಚ್ಚರವಾಗಿರುವಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬುದು ಕೂಡುತ್ತ ಹೋಗಿ ಮಂಪರು ತರುತ್ತದೆ, ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಕೆಫೀನ್ ಅದಕ್ಕೆ ಅಡ್ಡ ನಿಲ್ಲುತ್ತದೆ. ನಿತ್ಯವೂ ಹೀಗಾದರೆ ಮೈ ಅದಕ್ಕೆ ಒಗ್ಗಿಹೋಗುತ್ತದೆ. ಹೊತ್ತಿಗೆ ಕಾಫಿ ಬಾರದಿದ್ದರೆ ತಡೆ ತಪ್ಪಿ, ರಕ್ತನಾಳಗಳು ಹಿಗ್ಗಿ, ತಲೆ ನೋಯತೊಡಗುತ್ತದೆ.

ಸಾಮಾನ್ಯವಾಗಿ ಕೊನೆಯ ಲೋಟವಾದ ೧೨ರಿಂದ ೨೪ ಗಂಟೆಗಳೊಳಗೆ ಈ ನೋವು ತಲೆದೋರುತ್ತದೆ. ಶನಿವಾರ ಸಂಜೆ ಆರಕ್ಕೆ ಕುಡಿದವರಿಗೆ ಭಾನುವಾರ ಎಂಟೂವರೆಗೆ ಹದಿನಾಲ್ಕೂವರೆ ಗಂಟೆ ತುಂಬಿತು, ಲೆಕ್ಕ ಸರಿಹೋಯಿತಲ್ಲವೆ? ಕಾಫಿ ಕುಡಿದು ಒಂದು ಗಂಟೆಯೊಳಗೆ ನೋವು ಇಳಿದರೆ ಗುಮಾನಿ ಮತ್ತಷ್ಟು ಗಟ್ಟಿ.

ಇಲ್ಲೊಂದು ಎಚ್ಚರಿಕೆಯ ಮಾತು. ತಲೆನೋವಿನ ಕೆಲವು ಮಾತ್ರೆಗಳಲ್ಲಿಯೂ ಕೆಫೀನ್ ಬೆರೆತಿರುತ್ತದೆ. ನುಂಗಿದರೆ ನೋವೇನೋ ಹೋದೀತು, ಅಭ್ಯಾಸ ಹೋಗದು. ವಾರಕ್ಕೆ ಮೂರು ನಾಲ್ಕು ದಿನ ಮಾತ್ರೆ ನುಂಗುವವರಿಗೆ ಮಾತ್ರೆಯೇ ತಲೆನೋವಿಗೆ ಕಾರಣವಾಗುವುದೂ ಉಂಟು.

ಹಾಗೆಂದು ಕಾಫಿಯನ್ನೇ ಬಿಡಿರೆಂದು ನಾವು ಹೇಳುವುದಿಲ್ಲ. ಆರೋಗ್ಯವಂತರಾದ ವಯಸ್ಕರಿಗೆ ದಿನಕ್ಕೆ ೪೦೦ ಮಿಲಿಗ್ರಾಂ, ಗರ್ಭಿಣಿಯರಿಗೆ ೨೦೦ ಮಿಲಿಗ್ರಾಂವರೆಗೆ ಕೆಫೀನ್ ಬಾಧಕವಲ್ಲವೆಂದು ಯೂರೋಪಿನ ಆಹಾರ ಸುರಕ್ಷಾ ಸಂಸ್ಥೆ ೨೦೧೫ರಲ್ಲಿ ಹೇಳಿತು. ಗಟ್ಟಿ ಕಾಫಿಯ ದೊಡ್ಡ ಲೋಟದಲ್ಲಿ ಸುಮಾರು ೧೦೦ ಮಿಲಿಗ್ರಾಂ ಇರಬಹುದು. ಕಡಿಮೆ ಮಾಡಬೇಕೆನ್ನುವವರು ಒಮ್ಮೆಗೇ ನಿಲ್ಲಿಸಬಾರದು. ನಿಲ್ಲಿಸಿದರೆ ನೋವು ಎರಡರಿಂದ ಒಂಬತ್ತು ದಿನ ಕಾಡೀತು. ಎರಡು ವಾರಗಳಲ್ಲಿ ಅರ್ಧರ್ಧ ಲೋಟದಂತೆ ಇಳಿಸುತ್ತ ಬರಬೇಕು. ಚಿಕೋರಿಯಲ್ಲಿ ಕೆಫೀನ್ ಇಲ್ಲವಾದ್ದರಿಂದ ಅದನ್ನು ಹೆಚ್ಚು ಬೆರೆಸಿದ ಪುಡಿಯೂ ನೆರವಾದೀತು. ಚಹದಲ್ಲಿಯೂ ಕೆಫೀನ್ ಇದೆಯೆಂಬುದನ್ನು ಮರೆಯಬಾರದು. ಏಕಾದಶಿಯ ವ್ರತದವರು ವಾರಕ್ಕೆ ಮೊದಲೇ ಈ ಕೆಲಸ ತೊಡಗುವುದು ಲೇಸು.

ಎಲ್ಲ ತಲೆನೋವೂ ಕಾಫಿಯದಲ್ಲ. ಥಟ್ಟನೆ ಬಂದ ತೀವ್ರ ನೋವು, ಜೊತೆಗೆ ಜ್ವರ, ಮಾತಿನ ತೊದಲು, ಕೈಕಾಲಿನ ನಿಶ್ಶಕ್ತಿ ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಉಳಿದಂತೆ ಮುಂದಿನ ಭಾನುವಾರ ತಲೆ ಸಿಡಿದರೆ, ಮಾತ್ರೆಯ ಡಬ್ಬಿಗೆ ಕೈಹಾಕುವ ಮುನ್ನ ಶನಿವಾರದ ಕೊನೆಯ ಲೋಟ ಎಷ್ಟು ಗಂಟೆಗೆ ಆಯಿತೆಂದು ಎಣಿಸಿ ನೋಡೋಣ.